ಒಂದೇ ಗಾದಿ, ಇಬ್ಬರು ಯಜಮಾನರು

ಕಳೆದ ವರ್ಷದ ಬೇಸಿಗೆಯಲ್ಲಿ ನಮ್ಮ ಪರಿಚಯದ ಹಿರಿಯ ವರ್ತಕರೊಬ್ಬರು ಮನೆಗೆ ಬಂದಿದ್ದರು. ಎಪ್ಪತ್ತೆರಡು ದಾಟಿದ ವಯಸ್ಸು. ಒಂದು ಹತ್ತಿ ಜಿನ್ನಿನಿಂದ ಆರಂಭವಾದ ಅವರ ಉದ್ಯೋಗವು ಎಣ್ಣೆ ಗಿರಣಿ, ಬೀಜ ಸಂಸ್ಕರಣೆ, ಸಾಗಾಣಿಕೆಯ ಲಾರಿಗಳು ಎಂದು ಕವಲೊಡೆದು ಇಂದು ಖಾಸಗಿ ನಿಯಮಿತ ಕಂಪನಿಯಾಗಿ ನಿಂತಿದೆ. ಇನ್ನೂರಕ್ಕೂ ಹೆಚ್ಚು ಮನೆಗಳ ಒಲೆ ಅದರಿಂದ ಉರಿಯುತ್ತದೆ. ಹಿರಿಯ ಮಗನು ಎಂಜಿನಿಯರಿಂಗ್ ಓದಿ ಗಿರಣಿಯನ್ನು ನೋಡಿಕೊಳ್ಳುತ್ತಾನೆ. ಮಗಳು ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆ ಮುಗಿಸಿ, ಮದುವೆಯಾದ ಮೇಲೆಯೂ ಅದೇ ಊರಿನಲ್ಲಿದ್ದು ಕಂಪನಿಯ ಹಣಕಾಸನ್ನು ನೋಡಿಕೊಳ್ಳುತ್ತಾಳೆ. ಚಹಾ ಕುಡಿದು ಬಟ್ಟಲನ್ನು ಕೆಳಗಿಟ್ಟು ಅವರು ಕೇಳಿದ್ದು ಒಂದೇ ಮಾತು: "ಶಾಸ್ತ್ರಿಗಳ, ಇಬ್ಬರನ್ನೂ ಒಂದ ಗಾದಿ ಮ್ಯಾಲೆ ಕೂಡಿಸಿದ್ರ ನಡೀತೈತೇನ್ರಿ?"

ನಾವು ಕೂಡಲೇ ಉತ್ತರ ಹೇಳಲಿಲ್ಲ. ಹೇಳದೆ ಇದ್ದುದಕ್ಕೆ ಕಾರಣವಿತ್ತು. ಸುಮಾರು ಇಪ್ಪತ್ತೆರಡು ವರ್ಷಗಳ ಹಿಂದೆ ಬೇರೊಂದು ಊರಿನ ಬೇಳೆ ಗಿರಣಿಯ ಮನೆತನವೊಂದು ಇದೇ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿತ್ತು. ಆಗ ನಾವು, "ಒಡಹುಟ್ಟಿದವರಲ್ಲವೆ, ಇಬ್ಬರೂ ಇರಲಿ" ಎಂದು ಅರ್ಧ ನಿಮಿಷದಲ್ಲಿ ಹೇಳಿಬಿಟ್ಟೆವು. ಮಾತು ಕೇಳಲು ಚೆನ್ನಾಗಿತ್ತು. ತಂದೆ ತೀರಿಕೊಂಡ ಮೂರನೆಯ ವರ್ಷಕ್ಕೆ ಅಣ್ಣನು ಹೊಸ ಯಂತ್ರಕ್ಕೆಂದು ಬ್ಯಾಂಕಿನಿಂದ ಹಣ ಕೇಳಿದ. ಅದೇ ವಾರ ತಮ್ಮನು ಅದೇ ಹಣವನ್ನು ನಂಬಿ ಸುಗ್ಗಿಯ ತೊಗರಿಗೆ ಮುಂಗಡ ಮಾತು ಕೊಟ್ಟು ಬಂದ. ಬ್ಯಾಂಕಿನ ಅಧಿಕಾರಿಯ ಮೇಜಿನ ಮೇಲೆ ಒಂದೇ ಕಂಪನಿಯ ಎರಡು ಕಾಗದಗಳು ಬಿದ್ದವು. ಅಲ್ಲಿಂದ ಮುಂದಿನದನ್ನು ವಿಸ್ತರಿಸಬೇಕಾಗಿಲ್ಲ. ಅಂಗಳದ ನಡುವೆ ಗೋಡೆ ಎದ್ದಿತು. ತಾಯಿ ಒಂದು ತಿಂಗಳು ಹಿರಿಯನ ಮನೆಯಲ್ಲಿ, ಒಂದು ತಿಂಗಳು ಕಿರಿಯನ ಮನೆಯಲ್ಲಿ ಉಣ್ಣುತ್ತ ಕಡೆಯ ದಿನಗಳನ್ನು ಕಳೆದರು. ಆ ತಾಯಿ ಒಮ್ಮೆಯೂ ನಮ್ಮನ್ನು ದೂರಲಿಲ್ಲ. ದೂರಿದ್ದರೆ ನಮ್ಮ ಮನಸ್ಸಿನ ಭಾರ ಕೊಂಚ ಇಳಿಯುತ್ತಿತ್ತೇನೋ.

ಆದುದರಿಂದ ಈ ಸಲ ನಾವು ಹಿರಿಯರಲ್ಲಿ ಒಂದು ತಿಂಗಳ ಅವಧಿ ಬೇಡಿದೆವು. ಆ ಅವಧಿಯಲ್ಲಿ ಓದಿದ್ದು, ವ್ಯಾಪಾರ ಬಲ್ಲವರನ್ನು ವಿಚಾರಿಸಿ ತಿಳಿದದ್ದು ಈ ಲೇಖನಕ್ಕೆ ಆಧಾರ. ಇಂಥ ಪ್ರಶ್ನೆ ಇಂದು ಅನೇಕ ಮನೆಗಳ ಹೊಸ್ತಿಲಿಗೆ ಬಂದು ನಿಂತಿರುವುದರಿಂದ ಓದುಗ ಬಂಧುಗಳಿಗೂ ಇದು ಪ್ರಯೋಜನಕ್ಕೆ ಬಂದೀತೆಂದು ಭಾವಿಸಿದ್ದೇವೆ.

ನಮ್ಮ ವಿದ್ಯಾಭ್ಯಾಸ ಮಠದ ಪಾಠಶಾಲೆಯಲ್ಲಾದುದು. ಎಂಥ ಹೊಸ ಸಮಸ್ಯೆ ಬಂದರೂ ಮೊದಲು ಹಳೆಯ ಗ್ರಂಥದ ಕಡೆಗೇ ಕೈ ಹೋಗುವುದು ನಮ್ಮ ಅಭ್ಯಾಸ. ಇಬ್ಬರು ಕೂಡಿ ಆಳುವ ವ್ಯವಸ್ಥೆಗೆ ನಮ್ಮ ಪ್ರಾಚೀನರು 'ದ್ವೈರಾಜ್ಯ' ಎಂಬ ಹೆಸರನ್ನೇ ಇಟ್ಟಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ಇದರ ಚರ್ಚೆಯಿದೆ. ಈ ಗ್ರಂಥದ ತಾಳೆಗರಿಯ ಪ್ರತಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅವರಿಂದಲೇ ಅಚ್ಚಾಗಿ ಹೊರಬಂದಿತೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಅಲ್ಲಿ ಮೊದಲು ಪೂರ್ವಾಚಾರ್ಯರ ಪಕ್ಷ ಬರುತ್ತದೆ. ಇಬ್ಬರು ಒಡೆಯರಿರುವಲ್ಲಿ ಇವನ ಕಡೆಯವರು, ಅವನ ಕಡೆಯವರು ಎಂದು ಪಕ್ಷಗಳು ಹುಟ್ಟುತ್ತವೆ, ಒಲವು ಹಗೆಗಳು ಬೆಳೆಯುತ್ತವೆ, ಪರಸ್ಪರ ತಿಕ್ಕಾಟದಿಂದ ರಾಜ್ಯ ಅಳಿಯುತ್ತದೆ ಎಂಬುದು ಅವರ ಮತ. ಕೌಟಿಲ್ಯನು ಇದನ್ನು ಒಪ್ಪುವುದಿಲ್ಲ. ತಂದೆ ಮಗನ ನಡುವೆಯಾಗಲಿ, ಅಣ್ಣ ತಮ್ಮಂದಿರ ನಡುವೆಯಾಗಲಿ ಇರುವ ದ್ವೈರಾಜ್ಯದಲ್ಲಿ ಇಬ್ಬರ ಯೋಗಕ್ಷೇಮವೂ ಒಂದೇ ಆಗಿರುತ್ತದೆ, ಅಮಾತ್ಯರ ಹಿಡಿತದಲ್ಲಿ ಅದು ನಡೆದುಕೊಂಡು ಹೋಗುತ್ತದೆ ಎಂಬುದು ಅವನ ಸಿದ್ಧಾಂತ.

ಇಪ್ಪತ್ತೆರಡು ವರ್ಷಗಳ ಹಿಂದೆ ನಾವು ಹೇಳಿದ ಮಾತು ಈ ವಾಕ್ಯದ ಪೂರ್ವಾರ್ಧ ಮಾತ್ರವಾಗಿತ್ತು. ಅಣ್ಣತಮ್ಮಂದಿರು ಎಂಬುದನ್ನು ಹಿಡಿದುಕೊಂಡೆವು; ಅಮಾತ್ಯರ ಹಿಡಿತ ಎಂಬುದನ್ನು ಬಿಟ್ಟೆವು. ಆ ಬೇಳೆ ಗಿರಣಿಯಲ್ಲಿ ಇಬ್ಬರಿಗೂ ಕೈ ಅಡ್ಡ ಹಿಡಿಯಬಲ್ಲ ಮೂರನೆಯ ಮನುಷ್ಯನೇ ಇರಲಿಲ್ಲ. ಪಾಠ ಓದಿದವನು ಅರ್ಧ ಓದಿದರೆ ಓದದವನಿಗಿಂತ ಹೆಚ್ಚು ಹಾನಿ ಮಾಡುತ್ತಾನೆ.

ಜೈನರ ಆಚಾರಾಂಗ ಸೂತ್ರದಲ್ಲಿ ಭಿಕ್ಷುಗಳು ಹೋಗಬಾರದ ಪ್ರದೇಶಗಳನ್ನು ಹೆಸರಿಸುವಾಗ, ಅರಸನಿಲ್ಲದ ನಾಡಿನ ಜೊತೆಗೆ ಇಬ್ಬರು ಅರಸರ ನಾಡನ್ನೂ ಸೇರಿಸಲಾಗಿದೆ. ಯಾವ ಪಕ್ಷದವನೆಂದು ಪಾಪದ ಭಿಕ್ಷುವನ್ನು ಹಿಡಿದು ಸಂಶಯಿಸುತ್ತಿದ್ದರೆಂದು ಕಾಣುತ್ತದೆ. ಕಾಳಿದಾಸನ ಮಾಲವಿಕಾಗ್ನಿಮಿತ್ರ ನಾಟಕದಲ್ಲಿಯೂ ದ್ವೈರಾಜ್ಯವಿದೆ: ಗೆದ್ದ ಅಗ್ನಿಮಿತ್ರನು ವಿದರ್ಭವನ್ನು ಯಜ್ಞಸೇನ, ಮಾಧವಸೇನ ಎಂಬ ದಾಯಾದಿಗಳಿಬ್ಬರಿಗೆ ವರದಾ ನದಿಯ ಆಚೆ ಈಚೆ ದಡಗಳೆಂದು ಹಂಚಿಕೊಡುತ್ತಾನೆ. ಆದರೆ ಅದು ಸುಲಭದ ದಾರಿ. ಹೊಲವನ್ನು ಹಂಚಬಹುದು, ನಡುವೆ ಬದು ಹಾಕಬಹುದು. ಕಂಪನಿಯ ನಡುವೆ ಹರಿಯುವ ನದಿ ಯಾವುದೂ ಇಲ್ಲ. ಅದರ ಹೆಸರು ಒಂದೇ, ಸಾಲ ಒಂದೇ, ಪೇಟೆಯಲ್ಲಿ ಅದಕ್ಕಿರುವ ವಿಶ್ವಾಸವೂ ಒಂದೇ. ಪ್ರಾಚೀನ ರೋಮಿನವರು ವರ್ಷಕ್ಕೆ ಇಬ್ಬರು ಕಾನ್ಸಲರನ್ನು ಆರಿಸಿ, ಒಬ್ಬನ ಆಜ್ಞೆಯನ್ನು ಇನ್ನೊಬ್ಬನು ತಡೆಯಬಹುದೆಂದು ವಿಧಿಸಿದ್ದರು. ದಂಡಯಾತ್ರೆಯಲ್ಲಿ ಇಬ್ಬರೂ ಕೂಡಿದಾಗ ದಿನ ಬಿಟ್ಟು ದಿನ ಸೇನಾಪತ್ಯ. ಕ್ರಿ.ಪೂ. 216ರಲ್ಲಿ ಕ್ಯಾನೆ ಎಂಬಲ್ಲಿ ಹ್ಯಾನಿಬಾಲನೆದುರು ಪೌಲಸನು ತಾಳೋಣವೆಂದ, ವಾರೋ ನುಗ್ಗೋಣವೆಂದ. ಯುದ್ಧ ನಡೆದದ್ದು ವಾರೋನ ಸರದಿಯ ದಿನ ಎಂದು ಹಳೆಯ ಇತಿಹಾಸಕಾರರು ಬರೆದಿದ್ದಾರೆ. ರೋಮಿನ ಸೇನೆಗೆ ಅದಕ್ಕಿಂತ ದೊಡ್ಡ ಸೋಲು ವಿರಳ.

ಇದು ಹಳೆಯ ಕಾಲದ ಮಾತಾಯಿತು. ನಮ್ಮ ಕಾಲದ ದೊಡ್ಡ ಕಂಪನಿಗಳಲ್ಲಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಸ್ಥಾನವನ್ನು ಇಬ್ಬರಿಗೆ ಒಟ್ಟಾಗಿ ಕೊಟ್ಟ ಪ್ರಯೋಗಗಳು ಹಲವಾರು ನಡೆದಿವೆ. ಅವುಗಳಲ್ಲಿ ಒಂದು ನಮ್ಮ ಬೆಂಗಳೂರಿನದೇ.

ವಿಪ್ರೋ ಎಂದರೆ ಇಂದಿನ ಮಕ್ಕಳು ಗಣಕಯಂತ್ರ ಎನ್ನುತ್ತಾರೆ. ಮನೆಯ ಹೆಣ್ಣುಮಕ್ಕಳು ಸಂತೂರ್ ಸಾಬೂನು ಎನ್ನುತ್ತಾರೆ. ಎರಡೂ ಸರಿ. 1945ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಅಮಳನೇರದಲ್ಲಿ ವನಸ್ಪತಿ ತಯಾರಿಸಲು ಹುಟ್ಟಿದ ಕಂಪನಿಯದು. ತಂದೆ ಹಠಾತ್ತನೆ ತೀರಿಕೊಂಡಾಗ, 1966ರಲ್ಲಿ, ಅಮೆರಿಕದಲ್ಲಿ ಓದುತ್ತಿದ್ದ ಅಜೀಮ್ ಪ್ರೇಮ್‌ಜಿಯವರು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಹಿಂದಿರುಗಿ ಗಾದಿ ಹಿಡಿದರು. 2005ರಲ್ಲಿ ವಿವೇಕ್ ಪಾಲ್ ಅವರು ಬಿಟ್ಟುಹೋದ ಮೇಲೆ ತಂತ್ರಾಂಶ ವ್ಯವಹಾರದ ಮುಖ್ಯಾಧಿಕಾರವನ್ನು ಪ್ರೇಮ್‌ಜಿಯವರೇ ಹೊತ್ತರು. 2008ರ ಏಪ್ರಿಲಿನಲ್ಲಿ ಅದನ್ನು ಗಿರೀಶ್ ಪರಾಂಜಪೆ, ಸುರೇಶ್ ವಾಸ್ವಾನಿ ಎಂಬಿಬ್ಬರಿಗೆ ಜಂಟಿಯಾಗಿ ವಹಿಸಿದರು. ಇಬ್ಬರೂ ಹೊರಗಿನವರಲ್ಲ, ಬಹುಕಾಲದಿಂದ ಅದೇ ಮನೆಯಲ್ಲಿ ದುಡಿದು ಮೇಲೆ ಬಂದವರು. ಐದಾರು ತಿಂಗಳು ಕಳೆಯುವುದರೊಳಗೆ ಅಮೆರಿಕದ ಬ್ಯಾಂಕುಗಳು ಕುಸಿದು ಜಗತ್ತಿನ ವ್ಯಾಪಾರವೇ ನಡುಗಿತು. ಆ ಕಷ್ಟಕಾಲವನ್ನು ಈ ಜೋಡಿ ದಾಟಿಸಿತು. ಆದರೆ ಪೇಟೆ ಚೇತರಿಸಿಕೊಂಡ ಮೇಲೆ ವಿಪ್ರೋದ ಬೆಳವಣಿಗೆ ಸ್ಪರ್ಧಿಗಳಿಗಿಂತ ಹಿಂದೆ ಬಿದ್ದಿತು. 2011ರ ಜನವರಿಯಲ್ಲಿ ಇಬ್ಬರೂ ಕೆಳಗಿಳಿಯುತ್ತಿರುವರೆಂದು ಪ್ರಕಟಣೆ ಬಂದಿತು. ಫೆಬ್ರವರಿ 1ರಿಂದ ಟಿ. ಕೆ. ಕುರಿಯನ್ ಒಬ್ಬರೇ ಆ ಸ್ಥಾನಕ್ಕೆ ಬಂದರು. ಆಗ ಕಂಪನಿ ಕೊಟ್ಟ ಕಾರಣ ಗಮನಿಸತಕ್ಕದ್ದು: ಆರ್ಥಿಕ ಬಿಕ್ಕಟ್ಟಿನ ಕಾಲಕ್ಕೆ ಜಂಟಿ ನಾಯಕತ್ವ ಚೆನ್ನಾಗಿ ಒದಗಿತು, ಬದಲಾದ ಪರಿಸ್ಥಿತಿಗೆ ಇನ್ನೂ ಸರಳವಾದ ರಚನೆ ಬೇಕಾಗಿದೆ ಎಂಬುದು ಅದರ ತಾತ್ಪರ್ಯ.

ಈಗ ಜರ್ಮನಿಗೆ ಹೋಗೋಣ. ಐ.ಬಿ.ಎಂ. ಬಿಟ್ಟು ಬಂದ ಐವರು 1972ರಲ್ಲಿ ಕಟ್ಟಿದ ಎಸ್.ಎ.ಪಿ. ಎಂಬ ಕಂಪನಿ ವ್ಯಾಪಾರಸ್ಥರ ಲೆಕ್ಕಪತ್ರ, ದಾಸ್ತಾನು, ಸಂಬಳ ಮುಂತಾದವನ್ನು ನಡೆಸುವ ತಂತ್ರಾಂಶಕ್ಕೆ ಜಗತ್ಪ್ರಸಿದ್ಧವಾದುದು. 1998ರಿಂದ ಬೆಂಗಳೂರಿನಲ್ಲಿಯೂ ಅದರ ಸಂಶೋಧನಾ ಕೇಂದ್ರವಿದ್ದು, ನಮ್ಮವರ ಎಷ್ಟೋ ಮಕ್ಕಳು ಅಲ್ಲಿ ಕೆಲಸ ಮಾಡುತ್ತಾರೆ. ಈ ಕಂಪನಿಯಷ್ಟು ಸಲ ಇಬ್ಬರನ್ನು ಒಂದೇ ಗಾದಿಯಲ್ಲಿ ಕೂಡಿಸಿ ನೋಡಿದ್ದು ಇನ್ನೊಂದಿಲ್ಲವೆಂದೇ ಹೇಳಬಹುದು. 1998ರಿಂದ 2003ರವರೆಗೆ ಸ್ಥಾಪಕರಲ್ಲೊಬ್ಬರಾದ ಹಾಸೋ ಪ್ಲಾಟ್ನರ್ ಹಾಗೂ ಹೆನಿಂಗ್ ಕಾಗರ್‌ಮಾನ್. 2008ರಲ್ಲಿ ಒಂದು ವರ್ಷ ಕಾಗರ್‌ಮಾನ್ ಮತ್ತು ಲಿಯೋ ಅಪೋಟೇಕರ್. 2010ರ ಫೆಬ್ರವರಿಯಿಂದ 2014ರ ಮೇ ತನಕ ಬಿಲ್ ಮೆಕ್‌ಡರ್ಮಟ್ ಮತ್ತು ಜಿಮ್ ಹಾಗೆಮಾನ್ ಸ್ನಾಬೆ. 2019ರ ಅಕ್ಟೋಬರಿನಲ್ಲಿ ಜೆನಿಫರ್ ಮಾರ್ಗನ್ ಮತ್ತು ಕ್ರಿಸ್ಟಿಯಾನ್ ಕ್ಲೈನ್.

ಜರ್ಮನಿಯ ಕಾನೂನು ಇದಕ್ಕೆ ಅನುಕೂಲವಾಗಿಯೂ ಇದೆ. ಅಲ್ಲಿನ ದೊಡ್ಡ ಕಂಪನಿಗಳಿಗೆ ಎರಡು ಮಂಡಳಿಗಳು: ದಿನದಿನದ ಆಡಳಿತ ನಡೆಸುವುದೊಂದು, ಅದರ ಮೇಲೆ ಕಣ್ಣಿಡುವ ಮೇಲ್ವಿಚಾರಣಾ ಮಂಡಳಿ ಇನ್ನೊಂದು. ಒಬ್ಬನೇ ಮನುಷ್ಯ ಎರಡರಲ್ಲಿಯೂ ಕುಳಿತುಕೊಳ್ಳುವಂತಿಲ್ಲ. ಆಡಳಿತ ಮಂಡಳಿಯವರೆಲ್ಲರೂ ಸಾಮೂಹಿಕವಾಗಿ ಹೊಣೆಗಾರರು. ಹೀಗಾಗಿ ಮೇಲೆ ಒಬ್ಬರಿದ್ದರೂ ಇಬ್ಬರಿದ್ದರೂ ಅವರ ಆಚೆಗೆ ಸದಾ ಒಂದು ಮೂರನೆಯ ಕಣ್ಣು ಎಚ್ಚರವಾಗಿರುತ್ತದೆ. ಕೌಟಿಲ್ಯನ ಅಮಾತ್ಯರು ಜರ್ಮನಿಯಲ್ಲಿ ಸಿಕ್ಕರು ಎಂದು ನಮಗೆ ಓದುವಾಗ ನಗು ಬಂದಿತು.

ಮೆಕ್‌ಡರ್ಮಟ್ ಮತ್ತು ಸ್ನಾಬೆ ಅವರ ನಾಲ್ಕು ವರ್ಷಗಳು ಈ ಪ್ರಯೋಗದ ಉತ್ತಮ ಫಲವೆನ್ನಬಹುದು. ಮೊದಲನೆಯವರು ಅಮೆರಿಕದವರು, ಮಾರಾಟದಲ್ಲಿ ಪಳಗಿದವರು, ಗ್ರಾಹಕರೊಡನೆ ಮಾತನಾಡಬಲ್ಲವರು. ಎರಡನೆಯವರು ಡೆನ್ಮಾರ್ಕಿನವರು, ತಂತ್ರಾಂಶ ತಯಾರಿಕೆಯ ಒಳಗುಟ್ಟು ಬಲ್ಲವರು. ಹಿಂದಿನ ಮುಖ್ಯಸ್ಥರ ಕಾಲದಲ್ಲಿ ಗ್ರಾಹಕರೂ ನೌಕರರೂ ಮುನಿಸಿಕೊಂಡಿದ್ದ ಸಂದರ್ಭದಲ್ಲಿ ಇವರು ಬಂದರು. ಅದೇ ವರ್ಷ ಸೈಬೇಸ್ ಎಂಬ ಕಂಪನಿಯನ್ನು 580 ಕೋಟಿ ಡಾಲರಿಗೆ ಕೊಂಡರು. ಮುಂದೆ ಇನ್ನೂ ಕೆಲವು ಖರೀದಿಗಳಾದವು. ಕೆಲಸದ ಎಲ್ಲೆ ಸ್ಪಷ್ಟವಾಗಿತ್ತು. ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷರಾಗಿ ಪ್ಲಾಟ್ನರ್ ಕುಳಿತಿದ್ದರು. 2014ರಲ್ಲಿ ಸ್ನಾಬೆಯವರು ತಾವಾಗಿಯೇ ಸ್ಥಾನ ಬಿಟ್ಟು ಮೇಲ್ವಿಚಾರಣಾ ಮಂಡಳಿಗೆ ಹೋದರು. ಜಗಳವಾಡದೆ ಬೇರೆಯಾಗುವುದು ಸಾಧ್ಯವೆಂಬುದಕ್ಕೆ ಇದೊಂದು ಉದಾಹರಣೆ.

ಮುಂದಿನ ಜೋಡಿಯ ಕಥೆ ಬೇರೆ. ಜೆನಿಫರ್ ಮಾರ್ಗನ್ ಅವರು ಜರ್ಮನಿಯ ಅಗ್ರ ಕಂಪನಿಗಳ ಪೈಕಿ ಒಂದರ ಮುಖ್ಯಾಧಿಕಾರಕ್ಕೆ ಬಂದ ಮೊದಲ ಮಹಿಳೆ. ಅವರು ಬಂದ ಆರೇ ತಿಂಗಳಿಗೆ, 2020ರ ಏಪ್ರಿಲಿನಲ್ಲಿ, ಕೊರೋನಾ ಮಹಾಮಾರಿಯ ನಡುವೆ ಸ್ಥಾನ ಬಿಡಬೇಕಾಯಿತು. ಕ್ಲೈನ್ ಒಬ್ಬರೇ ಉಳಿದರು. ಬಿಕ್ಕಟ್ಟಿನ ಕಾಲದಲ್ಲಿ ಶೀಘ್ರವಾದ, ದೃಢವಾದ ನಿರ್ಧಾರ ಬೇಕು, ಅದಕ್ಕೆ ನಾಯಕತ್ವ ಸ್ಪಷ್ಟವಾಗಿರಬೇಕು ಎಂಬುದು ಕಂಪನಿ ಹೇಳಿದ ಕಾರಣ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಬಿಕ್ಕಟ್ಟಿಗೆ ಇಬ್ಬರು ಸರಿ, ಬಿಕ್ಕಟ್ಟು ಕಳೆದ ಮೇಲೆ ಒಬ್ಬರು ಸರಿ ಎಂದಿತು ಬೆಂಗಳೂರಿನ ಕಂಪನಿ. ಬಿಕ್ಕಟ್ಟಿಗೆ ಇಬ್ಬರು ಆಗದು, ಒಬ್ಬರೇ ಬೇಕು ಎಂದಿತು ಜರ್ಮನಿಯ ಕಂಪನಿ. ಎರಡೂ ನಿಜವಾಗಿರಲು ಸಾಧ್ಯವೇ? ನಮಗನಿಸುವಂತೆ ಕಾಲವನ್ನು ಹೊಣೆಯಾಗಿಸುವುದು ಕಂಪನಿಗಳ ಸೌಜನ್ಯದ ಭಾಷೆ. ಬೇಸಿಗೆಯಲ್ಲಿ ಗಾಡಿ ಎಳೆದ ಜೋಡೆತ್ತು ಮಳೆಗಾಲದಲ್ಲಿ ಎಳೆಯಲಾರದೆಂದು ಯಾವ ರೈತನೂ ಹೇಳುವುದಿಲ್ಲ. ನೊಗ ಕಟ್ಟಿದ್ದು ಹೇಗೆ, ಎಡದ ಎತ್ತನ್ನು ತಂದು ಬಲಕ್ಕೆ ಹೂಡಿದರೋ ಏನು ಎಂದು ನೋಡುತ್ತಾನೆ.

ನೊಗದ ಮಾತು ಬಂದುದರಿಂದ ಕೆನಡಾ ದೇಶದ ಉದಾಹರಣೆಯೊಂದನ್ನು ಕೊಂಚ ವಿವರವಾಗಿಯೇ ಹೇಳಬೇಕಾಗಿದೆ. ಹಿರಿಯ ವರ್ತಕರ ಮನೆಯ ಸ್ಥಿತಿಗೆ ಅದು ಬಹಳ ಹತ್ತಿರದ್ದು. ಇಸ್ತಾನ್‌ಬುಲ್ಲಿನಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಕೆನಡಾಕ್ಕೆ ಹೋದ ಮೈಕ್ ಲಜಾರಿಡಿಸ್ ಎಂಬ ಎಂಜಿನಿಯರನು 1984ರಲ್ಲಿ ಗೆಳೆಯನೊಡನೆ ವಾಟರ್‌ಲೂ ಪಟ್ಟಣದಲ್ಲಿ 'ರಿಸರ್ಚ್ ಇನ್ ಮೋಷನ್' ಎಂಬ ಸಣ್ಣ ಕಂಪನಿ ಹೂಡಿದ. 1992ರಲ್ಲಿ ಜಿಮ್ ಬಾಲ್ಸಿಲಿ ಎಂಬ ಚಾರ್ಟರ್ಡ್ ಅಕೌಂಟೆಂಟ್, ಇದ್ದ ಮನೆಯನ್ನೇ ಅಡವಿಟ್ಟು ಹಣ ತೊಡಗಿಸಿ ಜೊತೆಗೂಡಿದ. ಒಬ್ಬನು ಯಂತ್ರ, ಒಬ್ಬನು ಹಣ ಮತ್ತು ವ್ಯಾಪಾರ; ಇಬ್ಬರೂ ಸಮಾನ ಮುಖ್ಯಾಧಿಕಾರಿಗಳು. ಇವರು ತಂದ ಬ್ಲ್ಯಾಕ್‌ಬೆರಿ ಎಂಬ ದೂರವಾಣಿ ಜಗತ್ತಿನ ಮಂತ್ರಿಗಳ, ಅಧಿಕಾರಿಗಳ ಅಂಗೈಯಲ್ಲಿ ಕುಳಿತಿತು. ಹದಿನೈದು ವರ್ಷಗಳ ಕಾಲ ಈ ಜೋಡಿಯನ್ನು ಎಲ್ಲರೂ ಹೊಗಳಿದರು.

2007ರಲ್ಲಿ ಆಪಲ್ ಕಂಪನಿಯ ಐಫೋನ್ ಬಂದಿತು. ಪೇಟೆ ತಿರುಗಿತು. ಆಗ ಪ್ರಶ್ನೆ ಯಂತ್ರದ್ದೂ ಆಗಿರಲಿಲ್ಲ, ಹಣದ್ದೂ ಆಗಿರಲಿಲ್ಲ. ಈ ಕಂಪನಿ ಇನ್ನು ಮುಂದೆ ಏನಾಗಬೇಕು ಎಂಬುದಾಗಿತ್ತು. ಬ್ಲ್ಯಾಕ್‌ಬೆರಿಯ ಸಂದೇಶ ಸೇವೆಯನ್ನು ಬೇರೆ ಕಂಪನಿಗಳ ದೂರವಾಣಿಗಳಿಗೂ ಬಿಟ್ಟುಕೊಟ್ಟು, ಅದನ್ನೇ ದೊಡ್ಡ ವ್ಯಾಪಾರ ಮಾಡಬೇಕೆಂದು ಬಾಲ್ಸಿಲಿಯ ಯೋಜನೆ. ಹಾಗೆ ಬಿಟ್ಟುಕೊಟ್ಟರೆ ನಮ್ಮ ದೂರವಾಣಿಯನ್ನು ಕೊಳ್ಳುವವರಾರು ಎಂಬುದು ಲಜಾರಿಡಿಸ್ ಪಕ್ಷ. ಇಬ್ಬರ ಮಾತಿನಲ್ಲಿಯೂ ಹುರುಳಿತ್ತು. ಆದರೆ ಯಾವುದೋ ಒಂದನ್ನು ಹಿಡಿಯಲೇಬೇಕಾಗಿತ್ತು. ಹಿಡಿಯಿರಿ ಎಂದು ಹೇಳಬೇಕಾಗಿದ್ದ ನಿರ್ದೇಶಕ ಮಂಡಳಿಗೆ ಕೊನೆಗಾಲದಲ್ಲಿ ಈ ಇಬ್ಬರೇ ಸಹ ಅಧ್ಯಕ್ಷರೂ ಆಗಿದ್ದರು! ಕಕ್ಷಿಗಾರರೇ ನ್ಯಾಯಪೀಠದಲ್ಲಿ ಕುಳಿತಂತಾಯಿತು. ಷೇರುದಾರರ ಒತ್ತಾಯ ಹೆಚ್ಚಿ, 2012ರ ಜನವರಿಯಲ್ಲಿ ಇಬ್ಬರೂ ಕೆಳಗಿಳಿದರು. ಬಂದ ಹೊಸ ಮುಖ್ಯಸ್ಥರು ಸಂದೇಶ ಸೇವೆಯ ಯೋಜನೆಯನ್ನು ಕೈಬಿಟ್ಟರು; ಮಾರ್ಚ್‌ನಲ್ಲಿ ಬಾಲ್ಸಿಲಿ ಮಂಡಳಿಯನ್ನೂ ಬಿಟ್ಟು ಹೊರನಡೆದರು. ಇಂದು ಬ್ಲ್ಯಾಕ್‌ಬೆರಿ ದೂರವಾಣಿ ಯಾರ ಕೈಯಲ್ಲಿಯೂ ಇಲ್ಲ.

ಈ ಕಥೆಯನ್ನು ನಾವು ಎರಡು ಸಲ ಓದಿದೆವು. ಕೆಲಸ ಹಂಚಿಕೊಂಡರೆ ಸಾಕು, ಜಗಳವಿಲ್ಲ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹಂಚಿಕೊಂಡದ್ದು ದಿನದ ಕೆಲಸಕ್ಕೆ ಸಾಲುತ್ತದೆ. ಯಾವ ಪಾಲಿಗೂ ಸೇರದ ಪ್ರಶ್ನೆಯೊಂದು ಹತ್ತು ಹದಿನೈದು ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ಆ ದಿನ ಹಂಚಿಕೆಯ ಕಾಗದ ಉಪಯೋಗಕ್ಕೆ ಬರುವುದಿಲ್ಲ.

ಅಮೆರಿಕದ ಸಿಟಿಗ್ರೂಪ್ ಎಂಬ ಬ್ಯಾಂಕಿನ ಸಂಗತಿಯೂ ಇಂಥದೇ. 1998ರಲ್ಲಿ ಎರಡು ದೈತ್ಯ ಸಂಸ್ಥೆಗಳು ಒಂದಾದಾಗ, ಯಾರ ಮಾನಕ್ಕೂ ಕುಂದು ಬರಬಾರದೆಂದು ಜಾನ್ ರೀಡ್, ಸ್ಯಾಂಡಿ ವೈಲ್ ಇಬ್ಬರನ್ನೂ ಸಹ ಅಧ್ಯಕ್ಷರನ್ನಾಗಿಯೂ ಸಹ ಮುಖ್ಯಾಧಿಕಾರಿಗಳನ್ನಾಗಿಯೂ ಮಾಡಿದರು. 2000ದ ಫೆಬ್ರವರಿಯಲ್ಲಿ ನಿರ್ದೇಶಕ ಮಂಡಳಿ ದಿನವಿಡೀ ಕುಳಿತು ಒಬ್ಬರನ್ನು ಆರಿಸಬೇಕಾಯಿತು, ರೀಡ್ ನಿವೃತ್ತರಾದರು. ಮುಜುಗರ ತಪ್ಪಿಸಲು ಮಾಡಿದ ಜೋಡಿ ಅದು. ಬೀಗರ ಮುಂದೆ ಆಡಿದ ಮಾತಿನಂತೆ ಹೆಚ್ಚು ಕಾಲ ಬಾಳಲಿಲ್ಲ. ಗೋಲ್ಡ್‌ಮನ್ ಸ್ಯಾಕ್ಸ್ ಎಂಬ ಇನ್ನೊಂದು ಸಂಸ್ಥೆಯಲ್ಲಿ ಜಾನ್ ವೈಟ್‌ಹೆಡ್, ಜಾನ್ ವೈನ್‌ಬರ್ಗ್ ಎಂಬಿಬ್ಬರು 1976ರಿಂದ 1984ರವರೆಗೆ ಒಟ್ಟಿಗೆ ಆಳಿ ಸಂಸ್ಥೆಯನ್ನು ಬೆಳೆಸಿದರು. ಅವರು ಒಂದೇ ಮನೆಯಲ್ಲಿ ಇಪ್ಪತ್ತೈದು ವರ್ಷ ಕೂಡಿ ದುಡಿದ ಸ್ನೇಹಿತರು. ಅದೇ ಸಂಸ್ಥೆಯ ಮತ್ತೊಂದು ಜೋಡಿ 1999ರ ಜನವರಿಯಲ್ಲಿ ಮುರಿದು, ಒಬ್ಬರು ಹೊರಬಿದ್ದರು. ಕಟ್ಟಡ ಒಂದೇ, ಕಾನೂನು ಒಂದೇ. ಫಲ ಮಾತ್ರ ಬೇರೆ.

ನಮ್ಮ ಮನೆಗಳಿಗೆ ಲೈಫ್‌ಬಾಯ್, ಸನ್‌ಲೈಟ್ ಸಾಬೂನುಗಳನ್ನು ತಂದ ಯೂನಿಲಿವರ್ ಕಂಪನಿಯ ವಿಷಯ ಇನ್ನೂ ವಿಚಿತ್ರ. 1929ರಲ್ಲಿ ಇಂಗ್ಲೆಂಡಿನ ಸಾಬೂನು ಕಂಪನಿಯೂ ಡಚ್ಚರ ಕೃತಕ ಬೆಣ್ಣೆಯ ಕಂಪನಿಯೂ ಒಂದಾಗಲು ಒಪ್ಪಿದವು. ಎರಡು ದೇಶಗಳ ಕಾನೂನು, ತೆರಿಗೆಗಳ ಕಾರಣದಿಂದ ಲಂಡನ್ನಿನಲ್ಲೊಂದು, ರಾಟರ್‌ಡಮ್‌ನಲ್ಲೊಂದು ಎಂದು ಎರಡು ಕಂಪನಿಗಳನ್ನೇ ಉಳಿಸಿಕೊಂಡು, ಒಂದೇ ನಿರ್ದೇಶಕರ ಗುಂಪು ಎರಡನ್ನೂ ನಡೆಸಿತು. ಅಧ್ಯಕ್ಷರು ಇಬ್ಬರು. ಈ ವ್ಯವಸ್ಥೆ 2005ರವರೆಗೆ, ಎಪ್ಪತ್ತೈದು ವರ್ಷ ನಡೆಯಿತು. ಹೇಗೆ ನಡೆಯಿತೆಂದು ಹುಡುಕಿದರೆ ಅಲ್ಲಿಯೂ ಅದೇ ಉತ್ತರ: ದಶಕಗಳ ಕಾಲ ಮೇಲ್ಮಟ್ಟದ ನಿರ್ಣಯಗಳನ್ನು 'ವಿಶೇಷ ಸಮಿತಿ' ಎಂಬ ಮೂವರ ಕೂಟ ಮಾಡುತ್ತಿತ್ತು. ಇಬ್ಬರು ಅಧ್ಯಕ್ಷರ ಜೊತೆ ಮೂರನೆಯವರೊಬ್ಬರು ಕುಳಿತಿರುತ್ತಿದ್ದರು. 2004ರಲ್ಲಿ ಲಾಭ ಕುಸಿದಾಗ, ಇಬ್ಬರು ತಲೆಗಳಿರುವುದರಿಂದ ವೇಗವಿಲ್ಲವೆಂಬ ಕೂಗೆದ್ದು, ಮರುವರ್ಷ ಪ್ಯಾಟ್ರಿಕ್ ಸೆಸ್ಕೌ ಒಬ್ಬರನ್ನೇ ಮುಖ್ಯಾಧಿಕಾರಿ ಮಾಡಿದರು.

ಇನ್ನೊಂದು ಬಗೆಯ ಜೋಡಿಯಿದೆ. ಅದನ್ನು ಹೇಳುವಾಗ ನಮ್ಮ ಹಿರಿಯರು ಮುನಿಯಬಾರದು. ಅಮೆರಿಕದ ಸೇಲ್ಸ್‌ಫೋರ್ಸ್ ಕಂಪನಿಯ ಸ್ಥಾಪಕ ಮಾರ್ಕ್ ಬೆನಿಯಾಫ್ ಎರಡು ಸಲ ಜೊತೆಗಾರರನ್ನು ಸಮಾನ ಸ್ಥಾನಕ್ಕೆ ಏರಿಸಿದರು: 2018ರಲ್ಲಿ ಕೀತ್ ಬ್ಲಾಕ್, 2021ರಲ್ಲಿ ಬ್ರೆಟ್ ಟೇಲರ್. ಮೊದಲನೆಯವರು 2020ರಲ್ಲಿ ಬಿಟ್ಟುಹೋದರು, ಎರಡನೆಯವರು 2023ರ ಜನವರಿಯಲ್ಲಿ. ಸ್ಥಾಪಕರು ಇದ್ದಲ್ಲಿಯೇ ಇದ್ದರು. ಗಾದಿ ಬಿಟ್ಟೆನೆಂದು ಹೇಳಿ ಗಾದಿಯ ಅಂಚಿನಲ್ಲಿಯೇ ಕುಳಿತಿರುವ ತಂದೆಯರನ್ನು ನಾವು ಪ್ರತಿ ಊರಿನಲ್ಲಿಯೂ ಕಂಡಿದ್ದೇವೆ. ಅಂಥ ಕಡೆ ಜಂಟಿ ಎಂಬುದು ಹೆಸರಿಗೆ ಮಾತ್ರ. ನೆಟ್‌ಫ್ಲಿಕ್ಸ್ ಕಂಪನಿಯ ಸ್ಥಾಪಕ ರೀಡ್ ಹೇಸ್ಟಿಂಗ್ಸ್ ಇದಕ್ಕೆ ವ್ಯತಿರಿಕ್ತವಾಗಿ ನಡೆದರು. 2020ರಲ್ಲಿ ಟೆಡ್ ಸರಾಂಡೋಸ್ ಅವರನ್ನು ಜೊತೆಗೆ ಕೂಡಿಸಿಕೊಂಡು ಎರಡೂವರೆ ವರ್ಷ ನಡೆಸಿ, 2023ರಲ್ಲಿ ತಮ್ಮ ಜಾಗವನ್ನು ಗ್ರೆಗ್ ಪೀಟರ್ಸ್ ಅವರಿಗೆ ಬಿಟ್ಟುಕೊಟ್ಟು ಮಂಡಳಿಯ ಅಧ್ಯಕ್ಷತೆಗೆ ಸರಿದರು. ಒರಾಕಲ್ ಎಂಬ ದೊಡ್ಡ ಕಂಪನಿ 2025ರ ಸೆಪ್ಟೆಂಬರಿನಲ್ಲಿ ಮತ್ತೆ ಇಬ್ಬರನ್ನು ನೇಮಿಸಿದೆ. ಆದುದರಿಂದ ಈ ಪದ್ಧತಿ ಸತ್ತಿತೆಂದು ಯಾರೂ ಹೇಳುವಂತಿಲ್ಲ.

ನಮ್ಮ ದೇಶದ ಕಾನೂನು ಏನನ್ನುತ್ತದೆ? 2013ರ ಕಂಪನಿ ಕಾಯಿದೆಯು ವ್ಯವಸ್ಥಾಪಕ ನಿರ್ದೇಶಕ ಮತ್ತು ಮ್ಯಾನೇಜರ್ ಎಂಬೆರಡು ಹುದ್ದೆಗಳನ್ನು ಏಕಕಾಲಕ್ಕೆ ತುಂಬಬಾರದೆನ್ನುತ್ತದೆ; ಇಬ್ಬರು ವ್ಯವಸ್ಥಾಪಕ ನಿರ್ದೇಶಕರಿರಲು ಅಡ್ಡಿ ಮಾಡುವುದಿಲ್ಲ. 'ಜಂಟಿ ವ್ಯವಸ್ಥಾಪಕ ನಿರ್ದೇಶಕ' ಎಂಬ ಫಲಕವನ್ನು ಎಷ್ಟೋ ಕಚೇರಿಗಳ ಬಾಗಿಲಲ್ಲಿ ನಾವು ನೋಡುತ್ತೇವೆ. ಕಾಯಿದೆಯ ಜೊತೆಗಿರುವ ಮಾದರಿ ನಿಯಮಾವಳಿಯಲ್ಲಿ, ನಿರ್ದೇಶಕ ಮಂಡಳಿಯಲ್ಲಿ ಮತಗಳು ಸಮವಾದಾಗ ಅಧ್ಯಕ್ಷನಿಗೆ ಇನ್ನೊಂದು ನಿರ್ಣಾಯಕ ಮತ ಉಂಟು. ಇಬ್ಬರೇ ನಿರ್ದೇಶಕರಿರುವ ಕಂಪನಿಯಲ್ಲಿ ಒಬ್ಬನು ಅಧ್ಯಕ್ಷನಾದರೆ ಸಮಾನತೆ ಅಲ್ಲಿಗೆ ಮುಗಿಯಿತು. ಪಾಲುಗಾರಿಕೆಯ 1932ರ ಕಾಯಿದೆಯಲ್ಲಿ ದೈನಂದಿನ ವಿಷಯದ ಭಿನ್ನಾಭಿಪ್ರಾಯವನ್ನು ಬಹುಮತದಿಂದ ತೀರಿಸಬೇಕೆಂದಿದೆ. ಇಬ್ಬರೇ ಪಾಲುಗಾರರಿದ್ದಲ್ಲಿ ಬಹುಮತ ಎಲ್ಲಿಂದ ಬರಬೇಕು? ಕಾಯಿದೆ ಬರೆದವರು ಅಲ್ಲಿ ಸುಮ್ಮನಾಗಿದ್ದಾರೆ. ಮುಂದಿನದನ್ನು ಮನೆಯವರೇ ಕುಳಿತು ಬರೆದುಕೊಳ್ಳಬೇಕು.

ಒಂದು ತಿಂಗಳು ಎಂದವರು ಎರಡು ತಿಂಗಳ ಮೇಲೆ ನಾವು ಹಿರಿಯರ ಮನೆಗೆ ಹೋದೆವು. ಮಗ, ಮಗಳು, ಸೊಸೆ, ಅಳಿಯ, ಹಿರಿಯರ ಧರ್ಮಪತ್ನಿ ಎಲ್ಲರೂ ಕುಳಿತಿದ್ದರು. ಅಳಿಯನನ್ನು ಕರೆಯಬೇಕೇ ಬೇಡವೇ ಎಂದು ಮೊದಲು ಕೊಂಚ ತಡವರಿಸಿದರಂತೆ; ಕರೆದದ್ದು ಒಳ್ಳೆಯದಾಯಿತು. ನಾವು ಓದಿದ್ದನ್ನೆಲ್ಲ ಹೇಳಿ, ನಮ್ಮ ಹಳೆಯ ತಪ್ಪನ್ನೂ ಮುಚ್ಚಿಡದೆ ಹೇಳಿದೆವು. ಆ ಬೇಳೆ ಗಿರಣಿಯ ತಾಯಿಯ ವಿಷಯ ಬಂದಾಗ ಹಿರಿಯರ ಪತ್ನಿ ಎದ್ದು ಒಳಗೆ ಹೋದವರು ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಮಾತು ಎರಡು ದಿನ ನಡೆಯಿತು. ಮಗನು ಖರೀದಿ, ಗಿರಣಿ, ಆಳುಗಳು, ಲಾರಿಗಳನ್ನು ನೋಡುವುದು. ಮಗಳು ಹಣ, ಬ್ಯಾಂಕು, ತೆರಿಗೆ, ಕಾನೂನು, ಹೊಸ ವ್ಯಾಪಾರಗಳನ್ನು ನೋಡುವುದು. ಇಷ್ಟು ಬೇಗನೆ ಮುಗಿಯಿತು. ತೊಡಕಿದ್ದುದು ಎಲ್ಲೆಯ ಮೇಲಿನ ವಿಷಯಗಳಲ್ಲಿ. ಗೊತ್ತುಮಾಡಿದ ಮೊತ್ತಕ್ಕೆ ಮೀರಿದ ಸಾಲಕ್ಕೆ, ಜಮೀನಿನ ಕ್ರಯಕ್ಕೆ, ರಕ್ತಸಂಬಂಧಿಗಳನ್ನು ಕೆಲಸಕ್ಕೆ ತೆಗೆದುಕೊಳ್ಳುವುದಕ್ಕೆ ಇಬ್ಬರ ಸಹಿಯೂ ಬೇಕೆಂದು ಒಪ್ಪಿದರು. ಇಬ್ಬರಿಗೂ ಒಮ್ಮತವಾಗದಿದ್ದರೆ ಏಳು ದಿನ ಕಾಯುವುದು, ಆಮೇಲೆ ಮನೆಯವರಲ್ಲದ ಮೂರನೆಯ ನಿರ್ದೇಶಕರ ಮಾತಿಗೆ ಬದ್ಧರಾಗುವುದು. ಆ ಸ್ಥಾನಕ್ಕೆ ನಿವೃತ್ತರಾದ ಬ್ಯಾಂಕ್ ಅಧಿಕಾರಿಯೊಬ್ಬರ ಹೆಸರು ಬಂದಿತು. ಹಿರಿಯರು ನಮ್ಮ ಹೆಸರನ್ನು ಸೂಚಿಸಿದಾಗ ನಾವು ಕೈಮುಗಿದೆವು. ಎಣ್ಣೆಕಾಳಿನ ದರ ತಿಳಿಯದವನು ಅಮಾತ್ಯನಾಗುವುದು ತರವಲ್ಲ.

ಆಳುಗಳ ವಿಷಯವನ್ನು ಎತ್ತಿದವಳು ಮಗಳು. ಅಪ್ಪ ಬೇಡವೆಂದರೆ ಮಕ್ಕಳು ಅವ್ವನ ಬಳಿಗೆ ಓಡುವಂತೆ, ಒಬ್ಬ ಯಜಮಾನ ನಿರಾಕರಿಸಿದ್ದನ್ನು ಇನ್ನೊಬ್ಬರ ಬಳಿ ಕೇಳುವ ಚಾಳಿ ಎಲ್ಲ ಕಡೆಗೂ ಇದೆ. ಬೇಳೆ ಗಿರಣಿಯಲ್ಲಿ ಮನಸ್ತಾಪ ಹುಟ್ಟಿದ್ದೂ ಇಂಥ ಸಣ್ಣ ಸಣ್ಣ ಮುಂಗಡದ ಹಣದಿಂದಲೇ. ಆಕೆ ಹೇಳಿದಳು: "ಅಣ್ಣ ಬ್ಯಾಡ ಅಂದಿದ್ದಕ್ಕ ನಾ ಹೂಂ ಅನ್ನಂಗಿಲ್ಲ. ನಾ ಬ್ಯಾಡ ಅಂದಿದ್ದಕ್ಕ ಅಂವಾ ಹೂಂ ಅನಬಾರ್ದು. ಮದಲ ಇದನ್ನ ಬರೀರಿ ಕಾಕಾರ." ಅಣ್ಣನು ನಕ್ಕು ತಲೆಯಾಡಿಸಿದ. ಅದನ್ನೇ ಮೊದಲ ಕಲಮಾಗಿ ಬರೆದೆವು.

ಒಬ್ಬರು ಬಿಟ್ಟು ಹೋಗಬೇಕೆಂದರೆ ಅವರ ಪಾಲಿನ ಬೆಲೆಯನ್ನು ಯಾರು ಕಟ್ಟಬೇಕು ಎಂಬಲ್ಲಿ ಮಾತು ಬಿಸಿಯೇರಿತು. ದೊಡ್ಡ ಕಂಪನಿಗಳ ಮುಖ್ಯಾಧಿಕಾರಿ ರಾಜೀನಾಮೆ ಕೊಟ್ಟು ಬೇರೆ ಊರಿಗೆ ಹೋಗಬಹುದು. ಅಣ್ಣನು ಅಣ್ಣತನಕ್ಕೆ, ತಂಗಿಯು ತಂಗಿತನಕ್ಕೆ ರಾಜೀನಾಮೆ ಕೊಡುವಂತಿಲ್ಲ. ಹಬ್ಬಕ್ಕೆ ಅದೇ ಮನೆ, ಅದೇ ಊಟದ ಸಾಲು. ಆದುದರಿಂದ ಜಗಳವಿಲ್ಲದಿರುವ ಈ ದಿನವೇ ಬೆಲೆ ಕಟ್ಟುವ ಕ್ರಮವನ್ನು ಬರೆಯಬೇಕೆಂದು ಅಳಿಯನು ಹೇಳಿದ ಮಾತು ನಮಗೆ ಸರಿಯೆನಿಸಿತು. ಪ್ರತಿ ಮೂರು ವರ್ಷಕ್ಕೊಮ್ಮೆ ಹೊರಗಿನ ಲೆಕ್ಕಪರಿಶೋಧಕರಿಂದ ಬೆಲೆ ಕಟ್ಟಿಸಿ ಇಡುವುದೆಂದು ಕೊನೆಗೆ ಒಪ್ಪಿಗೆಯಾಯಿತು. ಹಿರಿಯರು ಎರಡು ವರ್ಷ ಅಧ್ಯಕ್ಷರಾಗಿದ್ದು, ಆಮೇಲೆ ಆ ಸ್ಥಾನವನ್ನೂ ಬಿಡುವುದೆಂದು ಅವರೇ ಬರೆಸಿದರು. ಅವರ ಕೋಣೆಯನ್ನು ತೆಗೆದು, ಇಬ್ಬರಿಗೂ ಎದುರುಬದುರಾಗಿ ಒಂದೇ ಕೋಣೆ ಮಾಡುವುದೆಂದು ಮಕ್ಕಳು ಹೇಳಿದರು.

ಕರಡನ್ನು ನಾವು ಗಟ್ಟಿಯಾಗಿ ಓದಿ ಮುಗಿಸಿದೆವು. ಹಿರಿಯರು ಕಾಗದವನ್ನು ಕೈಗೆ ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಮತ್ತೊಮ್ಮೆ ತಾವೇ ಮೊದಲಿನಿಂದ ಕೊನೆಯವರೆಗೆ ಓದಿದರು. ಆಮೇಲೆ ಮಕ್ಕಳ ಮುಖ ನೋಡಿ, "ಎಲ್ಲಾ ಛಲೋ ಐತಿ. ಮುಂಜಾನೆದ್ದು ನಾ ಎಲ್ಲಿ ಹೋಗಿ ಕೂಡ್ರಲಿ?" ಎಂದರು.

ಯಾರಿಗೂ ಉತ್ತರ ಹೊಳೆಯಲಿಲ್ಲ. ಆ ಕಲಮನ್ನು ಇನ್ನೂ ಬರೆದಿಲ್ಲ. ಕಾಗದ ವಕೀಲರ ಬಳಿಗೆ ಹೋಗದೆ ಹಿರಿಯರ ಮನೆಯ ಕಪಾಟಿನಲ್ಲಿಯೇ ಇದೆ.